ಖಾಲಿ ಚಿತ್ರದಲ್ಲಿ ಒಕ್ಕಣ್ಣ

ಆ ಕಟ್ಟಡದಲ್ಲಿ ಇನ್ನೂ ಜನ ತುಂಬಿಕೊಂಡಿದ್ದ ಕಾಲದಲ್ಲಿ, ಮೂರನೇ ಮಹಡಿಯ ಮೂಲೆಮನೆಯ ಅತ್ತೆ-ಸೊಸೆಯ ಬಗ್ಗೆ ಅಕ್ಕಪಕ್ಕದವರು ಒಂದು ಮಾತು ಆಡಿಕೊಳ್ಳುತ್ತಿದ್ದರು. ಅವರ ಕೆಳಗಿನ ಮನೆಯ ಟೈಲರಮ್ಮನಂತೂ ಬಟ್ಟೆ ಕೊಡಲು ಬಂದವರ ಅಳತೆ ತೆಗೆಯುತ್ತ ತೆಗೆಯುತ್ತಲೇ ದನಿ ತಗ್ಗಿಸಿ ಹೇಳುವಳು: “ನಾನೂ ಎಷ್ಟೋ ಅತ್ತೆ-ಸೊಸೇರನ್ನ ನೋಡಿದೀನಿ ಕಣ್ರೀ. ಅತ್ತೆ ಸೊಸೇಗೆ ಬೈತಾಳೆ, ಸೊಸೆ ಪಾತ್ರೆಗೆ ಬೈತಾಳೆ. ಇವ್ರು ಹಾಗಲ್ಲ. ಇಬ್ರೂ ಸೇರ್ಕೊಂಡು ಮೂರನೆಯವ್ರಿಗೆ ಬೈತಾರೆ!”

“ಮೂರನೆಯವ್ರು ಯಾರು?”

“ಅದೇ ನಂಗೂ ಗೊತ್ತಾಗ್ಬೇಕು. ಆ ಮನೇಲಿರೋದು ಇಬ್ರೇ. ಉಸಿರು ಬಿಡಿ, ಸೊಂಟದಳತೆ ತಪ್ತಿದೆ.”

ಟೈಲರಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಮನೆಯ ಮಗ ತೀರಿಕೊಂಡ ಮೇಲೂ ಅವನನ್ನು ಬೈಯುವ ರೂಢಿ ಇಬ್ಬರಿಗೂ ಬಿಟ್ಟುಹೋಗಿರಲಿಲ್ಲ. ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ ಅವನಿಗೆ ಬೈಗುಳ, ಕಿಟಕಿಯ ಚಿಲಕ ಸಿಕ್ಕಿಹಾಕಿಕೊಂಡರೆ ಅವನಿಗೆ ಬೈಗುಳ. ‘ನಾಳೆ ಸರಿಮಾಡ್ತೀನಿ’ ಎಂದವನು ಅವನೇ ತಾನೇ? “ಸತ್ತ ಅಂತ ಬಿಟ್ಬಿಡೋಕಾಗತ್ತಾ?” ಎನ್ನುತ್ತಿದ್ದರು ಅತ್ತೆ. “ಮಾಡ್ತೀನಿ ಅಂದ್ಮೇಲೆ ಮಾಡ್ಬೇಕು.”

ಸೊಸೆ ಒಂದು ಟಿವಿ ವಾಹಿನಿಯಲ್ಲಿ ಕೆಲಸಕ್ಕಿದ್ದಳು. ತೆರೆಯ ಮೇಲೆ ಬರುವ ಕೆಲಸವಲ್ಲ. ವಾಹಿನಿ ಶುರುವಾದಂದಿನಿಂದ ತೆಗೆದ ಚಿತ್ರಗಳೆಲ್ಲ, ಮಂತ್ರಿಯ ಭಾಷಣದಿಂದ ಹಿಡಿದು ಮೋರಿಗೆ ಬಿದ್ದ ಕರುವಿನವರೆಗೆ, ಒಂದು ತಣ್ಣನೆಯ ಕೋಣೆಯ ಕಪ್ಪು ಕಪಾಟುಗಳಲ್ಲಿ, ಸರ್ವರ್ ಯಂತ್ರಗಳ ಹೊಟ್ಟೆಯಲ್ಲಿದ್ದವು. ಕಚೇರಿಯವರು ಅದಕ್ಕೆ ಕಣಜ ಎಂದು ಹೆಸರಿಟ್ಟಿದ್ದರು. ಪ್ರತಿಯೊಬ್ಬರ ಮೇಜಿನ ಕಂಪ್ಯೂಟರಿನಲ್ಲಿ ಕಣಜಕ್ಕೊಂದು ಕಿಂಡಿ. ಕಿಂಡಿಯಲ್ಲಿ ಬೇಕಾದ್ದನ್ನು ಕೇಳಿದರೆ ಕಣಜ ಹುಡುಕಿ ಕೊಡುತ್ತದೆ. ಒಬ್ಬರು ತೆಗೆದುಕೊಂಡ ತುಣುಕನ್ನು ಇನ್ನೊಬ್ಬರು ಕೆಡಿಸಬಾರದೆಂದು ತಾನೇ ಬೀಗ ಹಾಕಿಕೊಳ್ಳುತ್ತದೆ. ಬೀಗ ಬಿಡದೆ ಮನೆಗೆ ಹೋಗುವ ಮರೆಗುಳಿಗಳಿಗೆ ಆ ಕಚೇರಿಯಲ್ಲಿ ಬರವಿರಲಿಲ್ಲ. ಆಗ ಎಲ್ಲರೂ ಕೂಗುವುದು ಒಂದೇ ಕೂಗು: “ಅಕ್ಕಾ, ಬೀಗ!” ಬೀಗ ಬಿಡಿಸುವುದು, ಯಾವುದನ್ನು ಯಾರು ನೋಡಬಹುದೆಂದು ಗೊತ್ತುಮಾಡುವುದು, ದಿನ ಬೆಳಗಾದರೆ ಇಡೀ ಕಣಜದ ನಕಲೊಂದನ್ನು ಬೇರೆ ಕಡೆ ತೆಗೆದಿಡುವುದು, ಇದೆಲ್ಲ ಅವಳ ಪಾಲಿನದು. ಹೀಗಾಗಿ ಅವಳು ಎಲ್ಲರ ಬಾಯಲ್ಲೂ ಕಣಜದಕ್ಕ. ಅವಳಿಗಿಂತ ಹಿರಿಯರಾದ ಬಾಗಿಲ ಕಾವಲುಗಾರರೂ ಹಾಗೇ ಕರೆಯುತ್ತಿದ್ದರು.

ಕಣಜಕ್ಕೊಂದು ಹಟವಿತ್ತು. ಯಾವ ತುಣುಕನ್ನು ಒಳಗೆ ಹಾಕಿದರೂ ಅದು ಕೇಳುವುದು: ‘ಚಿತ್ರದಲ್ಲಿ ಯಾರಿದ್ದಾರೆ?’ ಉತ್ತರ ಬರೆಯದೆ ಬಿಟ್ಟರೆ ತುಣುಕನ್ನು ಇಟ್ಟುಕೊಳ್ಳುತ್ತದೆ, ಆದರೆ ಯಾರಿಗೂ ಕೊಡುವುದಿಲ್ಲ. ಬರೀ ರಸ್ತೆ, ಬರೀ ಆಕಾಶ, ಸಭೆ ಮುಗಿದ ಮೇಲಿನ ಸಭಾಂಗಣ, ಇಂಥವಕ್ಕೆ ಏನು ಬರೆಯುವುದು? ಅದಕ್ಕೇ ಎಲ್ಲರೂ ‘ಯಾರೂ ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಿದ್ದರು. ಕಣಜದ ಪಾಲಿಗೆ ಅದೂ ಒಂದು ಹೆಸರು. ಹುಡುಕಿದರೆ ಮಂತ್ರಿಗಳಿಗಿಂತ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡವರು ಈ ಯಾರೂ ಇಲ್ಲದವರೇ ಎಂದು ಕಚೇರಿಯಲ್ಲಿ ನಗೆಯಾಡುತ್ತಿದ್ದರು.

ಅವಳ ಗಂಡನೂ ಅದೇ ವಾಹಿನಿಯ ಕ್ಯಾಮೆರಾದವನು. ಕ್ಯಾಮೆರಾ ಕೈಯಲ್ಲಿಲ್ಲದಾಗಲೂ ಏನನ್ನಾದರೂ ಗಮನವಿಟ್ಟು ನೋಡುವಾಗ ಒಂದು ಕಣ್ಣು ಮುಚ್ಚಿಕೊಳ್ಳುವ ಚಟವಿದ್ದುದರಿಂದ ಜೊತೆಯವರು ಒಕ್ಕಣ್ಣ ಎಂದು ಕರೆದರು. ಹೆಣ್ಣು ನೋಡಲು ಬಂದ ದಿನವೂ ಹಾಗೇ ಒಂದು ಕಣ್ಣು ಮುಚ್ಚಿ ನೋಡಿದ್ದನಂತೆ. ‘ಹುಡುಗ ಕಣ್ಣು ಹೊಡೀತಾನಲ್ಲ’ ಎಂದು ಅವಳ ಸೋದರಮಾವ ಎದ್ದು ನಿಂತಿದ್ದನಂತೆ. ಖಾಲಿ ಜಾಗಗಳನ್ನು ತೆಗೆಯುವುದರಲ್ಲಿ ಒಕ್ಕಣ್ಣನಿಗೆ ಸಮನಾದವರಿರಲಿಲ್ಲ. ಮುಚ್ಚಿದ ಕಾರ್ಖಾನೆ, ರಜೆಯ ದಿನದ ಶಾಲೆಯ ಮೆಟ್ಟಿಲು, ಮಳೆ ನಿಂತ ಮೇಲಿನ ಬಸ್ ನಿಲ್ದಾಣ. ಚಿತ್ರ ಅಲುಗಬಾರದೆಂದು ತೆಗೆಯುವಷ್ಟು ಹೊತ್ತೂ ಉಸಿರು ಹಿಡಿಯುವನು. ಕೊನೆಯಲ್ಲಿ, ಕ್ಯಾಮೆರಾ ನಿಲ್ಲಿಸುವ ಮೊದಲು, ಒಂದು ದೊಡ್ಡ ಉಸಿರು ಹೊರಗೆ ಬಿಡುವನು. ಅವನ ಪ್ರತಿಯೊಂದು ಖಾಲಿ ಚಿತ್ರದ ತುದಿಯಲ್ಲೂ ಆ ಉಸಿರಿದೆ.

ಒಂದು ಮಧ್ಯಾಹ್ನ ಅರ್ಧ ಕಟ್ಟಿದ ಕಟ್ಟಡವೊಂದನ್ನು ತೆಗೆಯುತ್ತ, ಅದು ಪೂರ್ತಿ ಚೌಕಟ್ಟಿನೊಳಗೆ ಬರಲೆಂದು ಹಿಂದೆ ಹಿಂದೆ ನಡೆದ ಒಕ್ಕಣ್ಣ, ಹಿಂದಿದ್ದ ಗುಂಡಿಯನ್ನು ನೋಡಲಿಲ್ಲ. ಕ್ಯಾಮೆರಾ ಅಂಚಿನಲ್ಲಿ ಅಡ್ಡಬಿದ್ದು ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ವಾಲಿದ ಆಕಾಶ, ಒಂದಿಷ್ಟು ಗಾಳಿಯ ಸದ್ದು. ಅಷ್ಟೇ.

ಆ ತುಣುಕೂ ಕಣಜಕ್ಕೆ ಬಂತು. ಬರದೆ ಇರುವುದಿಲ್ಲವಲ್ಲ. ಸೂತಕ ಕಳೆದು ಕೆಲಸಕ್ಕೆ ಬಂದ ದಿನ ಅವಳೇ ಅದನ್ನು ತೆರೆದಳು, ಬೇರೆ ಯಾರೂ ಮುಟ್ಟುವ ಧೈರ್ಯ ಮಾಡಿರಲಿಲ್ಲ. ಕಣಜ ಎಂದಿನಂತೆ ಕೇಳಿತು: ‘ಚಿತ್ರದಲ್ಲಿ ಯಾರಿದ್ದಾರೆ?’ ‘ಯಾರೂ’ ಎಂದು ಟೈಪಿಸಿದವಳ ಬೆರಳು ಅಲ್ಲಿಗೇ ನಿಂತಿತು. ಯಾರೂ ಇಲ್ಲವೇ? ಇದ್ದನಲ್ಲ, ಚೌಕಟ್ಟಿನಿಂದ ಒಂದು ಮಾರು ಆಚೆಗೆ. ಅಳಿಸಿ, ‘ಒಕ್ಕಣ್ಣ’ ಎಂದು ಬರೆದಳು. ಆಮೇಲೆ ಕೈ ಸುಮ್ಮನಿರಲಿಲ್ಲ. ಪುರುಸೊತ್ತು ಸಿಕ್ಕಾಗೆಲ್ಲ ಅವನು ತೆಗೆದ ಖಾಲಿ ಚಿತ್ರಗಳನ್ನು ಒಂದೊಂದಾಗಿ ಹುಡುಕಿ, ತುದಿಯ ಉಸಿರು ಕೇಳಿಸಿಕೊಂಡು, ‘ಯಾರೂ ಇಲ್ಲ’ ಎಂದಿದ್ದಲ್ಲೆಲ್ಲ ಅವನ ಹೆಸರು ಬರೆಯುತ್ತ ಹೋದಳು. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಯಾರಿಗೂ ಗೊತ್ತೂ ಆಗಲಿಲ್ಲ.

ಹೀಗಿರುವಾಗ ಕಣಜವನ್ನು ಹೊಸದು ಮಾಡಿದರು.

ಹೊಸ ಕಣಜವನ್ನು ಕೂಡಿಸಲು ಬಂದ ಕಂಪನಿಯವನು ಮಾತಿನ ಮಲ್ಲ. “ಇನ್ಮೇಲೆ ನೀವು ಹೆಸ್ರು ಬರೀಬೇಕಾಗಿಲ್ಲ ಮೇಡಂ, ಇದೇ ಬರಿಯತ್ತೆ. ಒಂದು ಹೆಸ್ರಿರೋ ಚಿತ್ರಗಳನ್ನೆಲ್ಲ ಒಟ್ಟಿಗಿಟ್ಟು ನೋಡತ್ತೆ. ಎಲ್ಲದ್ರಲ್ಲೂ ಕಾಣೋದು ಯಾವುದು? ಅದೇ ಆ ಮನುಷ್ಯ ಅಂತ ಕಲಿಯತ್ತೆ. ಮುಖ ಸಿಕ್ಕಿದ ಕಡೆ ಹಳದಿ ಚೌಕ ಹಾಕಿ ಕೆಳಗೆ ಹೆಸ್ರು ಬರಿಯತ್ತೆ. ನೀವು ಆರಾಮಾಗಿ ಕೂತ್ಕೊಳ್ಳಿ.”

ಅವಳಿಗೆ ಆ ಕ್ಷಣ ಏನೂ ಹೊಳೆಯಲಿಲ್ಲ. ಹೊಳೆಯಬೇಕಾಗಿತ್ತು.

ಮೊದಲು ಕಂಡದ್ದು ಕತ್ತರಿಗೆ. ಕತ್ತರಿ ಎಂದರೆ ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಹುಡುಗಿ, ಅವಳ ನಾಲಿಗೆಯೂ ಹಾಗೇ. ಒಂದು ಬೆಳಗ್ಗೆ ಕಣಜದಕ್ಕನ ಮೇಜಿಗೆ ಬಂದು ನಿಂತಳು.

“ಅಕ್ಕಾ, ನಿಮ್ಮ ಹೊಸ ಕಣಜಕ್ಕೆ ಹುಚ್ಚು ಹಿಡಿದಿದೆ. ಬಂದು ನೋಡಿ.”

ನಿನ್ನೆ ತೆಗೆದ ಚಿತ್ರ. ಮುಚ್ಚಲಿದ್ದ ಆಸ್ಪತ್ರೆಯೊಂದರ ಒಳಗಿನ ಉದ್ದನೆಯ ಓಣಿ. ತೆಗೆದವನು ಹೊಸಬ, ಒಕ್ಕಣ್ಣನನ್ನು ಕಂಡೇ ಇಲ್ಲದವನು. ಓಣಿಯಲ್ಲಿ ನರಪಿಳ್ಳೆಯಿಲ್ಲ. ಆದರೆ ಎಡಗಡೆಯ ಬಾಗಿಲ ಪಕ್ಕ, ಒಬ್ಬ ಗಂಡಸಿನ ತಲೆ ಇರಬಹುದಾದ ಎತ್ತರಕ್ಕೆ ಸರಿಯಾಗಿ, ಹಳದಿ ಚೌಕ. ಚೌಕದೊಳಗೆ ಗೋಡೆಯ ಸುಣ್ಣ. ಕೆಳಗೆ ಬರೆದಿತ್ತು: ಒಕ್ಕಣ್ಣ.

“ನಿಂತಿಲ್ಲ ಅಕ್ಕಾ, ನೋಡ್ತಾ ಇರಿ,” ಎಂದಳು ಕತ್ತರಿ.

ಚೌಕ ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಹಿಂದೆ ಹಿಂದೆ, ಇಡೀ ಓಣಿ ಕಣ್ಣಿಗೆ ಬೀಳಲೆಂದು ಯಾರೋ ಹಿಂದಕ್ಕೆ ನಡೆದ ಹಾಗೆ.

ಕಣಜದಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. ತಲೆ ಓಡುತ್ತಿತ್ತು. ಅವನ ಹೆಸರಿನ ಚಿತ್ರಗಳೆಲ್ಲ ಖಾಲಿ ಚಿತ್ರಗಳು. ಎಲ್ಲದರಲ್ಲೂ ಸಮಾನವಾಗಿರುವುದು ಯಾರೂ ಇಲ್ಲದಿರುವುದೇ. ಯಂತ್ರ ಅದನ್ನೇ ಅವನ ಮುಖವೆಂದು ಕಲಿತಿದೆ. ಅವನು ಎಲ್ಲಿ ನಿಲ್ಲುತ್ತಿದ್ದ, ಬೆಳಕನ್ನು ಯಾವ ಮಗ್ಗುಲಿಗೆ ಇಟ್ಟುಕೊಳ್ಳುತ್ತಿದ್ದ, ಎಲ್ಲ ಕಲಿತಿದೆ. ಅಷ್ಟೇ. ಹಾಗೆಂದು ಕತ್ತರಿಗೆ ಬಿಡಿಸಿ ಹೇಳಿದಳು.

“ಅಷ್ಟೇನಾ?” ಎಂದಳು ಕತ್ತರಿ. “ಸರಿ ಹಾಗಾದ್ರೆ, ಉಳಿದ ಖಾಲಿ ಚಿತ್ರಗಳಿಗೆಲ್ಲ ‘ಯಾರೂ ಇಲ್ಲ’ ಅಂತಾನೇ ಬರೀತಿದೆಯಲ್ಲ? ಕೆಲವಕ್ಕೆ ಮಾತ್ರ ಯಾಕೆ ಒಕ್ಕಣ್ಣ?”

ಕಣಜದಕ್ಕ ಆ ತುಣುಕನ್ನು ಮೊದಲಿನಿಂದ ಮತ್ತೊಮ್ಮೆ ಓಡಿಸಿದಳು.

ಸುದ್ದಿ ವಿಭಾಗದ ಮುಖ್ಯಸ್ಥರನ್ನು ಬೆನ್ನ ಹಿಂದೆ ಎಲ್ಲರೂ ಅವಸರಪ್ಪ ಎನ್ನುತ್ತಿದ್ದರು. ಆ ವಾರವೇ ಅವರಿಗೆ ವಿಷಯ ಮುಟ್ಟಿತು, ಅದೂ ಬೀದಿಯ ಜನರಿಗೆಲ್ಲ ಮುಟ್ಟಿದ ಮೇಲೆ. ಸಂತಾಪದ ಕಾರ್ಯಕ್ರಮವೊಂದರಲ್ಲಿ ತೀರಿಕೊಂಡ ಮುಖಂಡರ ಖಾಲಿ ಕುರ್ಚಿಯನ್ನು ತೋರಿಸಿದಾಗ, ಹೆಸರು ತಾನಾಗಿಯೇ ಮೂಡುವ ಏರ್ಪಾಟಿನಿಂದಾಗಿ ತೆರೆಯ ಕೆಳಗೆ ದಪ್ಪಕ್ಷರದಲ್ಲಿ ‘ಒಕ್ಕಣ್ಣ’ ಎಂದು ಬಂದುಬಿಟ್ಟಿತ್ತು.

“ಮಾನ ಹರಾಜಾಯ್ತು ಕಣಮ್ಮ! ಯಾರ್ರೀ ಈ ಒಕ್ಕಣ್ಣ ಅಂತ ಅವ್ರ ಪಕ್ಷದವ್ರು ಫೋನ್ ಮಾಡಿ ಉಗೀತಿದಾರೆ,” ಎಂದು ಕೂಗಾಡಿದ ಅವಸರಪ್ಪ, ನೆನಪಾಗಿ ದನಿ ಇಳಿಸಿದರು. “ನೋಡಮ್ಮ, ಅವನು ನಂಗೂ ಬೇಕಾದವನೇ. ಆದ್ರೆ ಆ ಹೆಸರು ಹೋಗ್ಬೇಕು. ಈ ವಾರದೊಳಗೆ. ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ಕಂಪನಿಯವನ್ನ ಕರೆಸ್ತೀನಿ.”

“ಬೇಡ ಸರ್. ನಾನೇ ಮಾಡ್ತೀನಿ.”

ಬರೀ ಅಳಿಸಿದರಾಗದು. ಹೆಸರಿಲ್ಲದ ತುಣುಕುಗಳನ್ನು ಕಣಜ ಬಿಟ್ಟುಕೊಡುವುದಿಲ್ಲವಲ್ಲ. ಒಕ್ಕಣ್ಣ ಎಂಬ ಹೆಸರನ್ನು ಯಾರೂ ಇಲ್ಲ ಎಂಬ ಹೆಸರಿನೊಳಗೆ ಸೇರಿಸಿಬಿಡಬೇಕು. ಒಬ್ಬನೇ ಮನುಷ್ಯನಿಗೆ ಎರಡು ಹೆಸರು ಬಿದ್ದಿದ್ದರೆ ಹಾಗೆ ಕೂಡಿಸುವುದುಂಟು. ಒಂದು ಉಳಿಯುತ್ತದೆ, ಇನ್ನೊಂದು ಅದರೊಳಗೆ ಕರಗುತ್ತದೆ. ಅವಳು ದಿನಾ ಮಾಡುವ ಕೆಲಸವೇ. ಆದರೂ ಇವತ್ತು ನಕಲು ತೆಗೆಯುವುದಿದೆ, ನಾಳೆ ಬೀಗಗಳ ಗಲಾಟೆಯಿದೆ ಎಂದು ಮುಂದೆ ಹಾಕುತ್ತಲೇ ಬಂದಳು.

ಮನೆಯಲ್ಲಿ ಬೇರೆಯೇ ಗಡಿಬಿಡಿ ನಡೆದಿತ್ತು. ಕಟ್ಟಡ ಬಿರುಕುಬಿಟ್ಟು ಇನ್ನು ನಿಲ್ಲುವಂತಿಲ್ಲ, ಕೆಡವಬೇಕು ಎಂದಾಗಿತ್ತು. ಒಂದೊಂದೇ ಮನೆ ಖಾಲಿಯಾಗಿ, ಕೊನೆಗೆ ಟೈಲರಮ್ಮನೂ ಹೊಲಿಗೆ ಯಂತ್ರವನ್ನು ಮಗುವಿನ ಹಾಗೆ ಕಂಬಳಿಯಲ್ಲಿ ಸುತ್ತಿಸಿಕೊಂಡು ಹೊರಟುಹೋಗಿದ್ದಳು. ಕೆಡವುವವರು ಕೆಳಗಿನ ಮನೆಗಳ ಕಿಟಕಿ-ಬಾಗಿಲುಗಳನ್ನು ಕಿತ್ತುಕೊಳ್ಳತೊಡಗಿದ್ದರು. ಸಂಜೆ ಮೆಟ್ಟಿಲು ಹತ್ತುವಾಗ ಆ ಬಾಗಿಲಿಲ್ಲದ ಮನೆಗಳು ಬಾಯಿ ತೆರೆದುಕೊಂಡು ನೋಡುತ್ತಿದ್ದವು. ಅವಳು ನೆಲ ನೋಡಿಕೊಂಡು ಹತ್ತುವಳು. ಎಡಗಡೆಯ ಬಾಗಿಲ ಪಕ್ಕ ಒಂದು ತಲೆಯೆತ್ತರದ ಜಾಗವನ್ನು ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುವುದು.

ಇಬ್ಬರಿಗೆ ಸಾಕಾಗುವಂಥ ಮನೆಯೊಂದು ಬೇರೆ ಬೀದಿಯಲ್ಲಿ ಸಿಕ್ಕಿತ್ತು. ನೆಲಮಹಡಿ, ಅತ್ತೆಯ ಮಂಡಿನೋವಿಗೆ ಹೇಳಿಮಾಡಿಸಿದ ಹಾಗಿತ್ತು. ಮೆಟ್ಟಿಲಿಳಿದು ಬಂದು ನೋಡಲು ಅವರಿಂದಾಗದು, ತೋರಿಸೋಣವೆಂದು ಸೊಸೆ ಆ ಮನೆಯ ಕೋಣೆಗಳನ್ನು ಫೋನಿನಲ್ಲಿ ವಿಡಿಯೊ ತೆಗೆದಳು. ಯಾವ ಸಾಮಾನು ಎಲ್ಲಿ ಹಿಡಿಸುತ್ತದೆಂದು ತಾಳೆ ನೋಡಲು ತಮ್ಮ ಮನೆಯ ನಡುಮನೆಯನ್ನೂ ತೆಗೆದಳು. ಫೋನಿನ ಪುಟ್ಟ ತೆರೆಯಲ್ಲಿ ಅತ್ತೆಗೆ ಕಾಣುವುದಿಲ್ಲವೆಂದು, ಪರೀಕ್ಷೆಗಾಗಿ ಇಟ್ಟುಕೊಂಡಿದ್ದ ಕಣಜದ ಒಂದು ಮೂಲೆಗೆ ಅವನ್ನು ಹಾಕಿ, ಕಚೇರಿಯ ಲ್ಯಾಪ್‌ಟಾಪಿನ ಕಿಂಡಿಯಲ್ಲಿ ತೆರೆದಳು. ಅದೊಂದು ತಪ್ಪು.

ಹೊಸ ಮನೆ ಬಂತು. ಅಡುಗೆಮನೆ, ಕಿಟಕಿ, ಹಿತ್ತಿಲ ಬಾಗಿಲು. ಕೆಳಗೆ ಅಕ್ಷರ.

“ಏನೇ ಅದು ಬರೆದಿರೋದು?” ಎಂದರು ಅತ್ತೆ, ಕನ್ನಡಕ ಮೂಗಿನ ತುದಿಗೆ ತಂದುಕೊಂಡು. “ಯಾ-ರೂ... ಇಲ್ಲ. ಯಾರೂ ಇಲ್ಲ ಅಂತ ಕಾಣಲ್ವಾ? ಅದನ್ನೂ ಬರೀಬೇಕಾ?”

“ಯಂತ್ರ ಬರೆಯತ್ತೆ ಅತ್ತೆ. ಅದರ ಪಾಡಿಗೆ.”

ಮುಂದಿನ ತುಣುಕು ತಾನೇ ಶುರುವಾಯಿತು. ಅವರದೇ ನಡುಮನೆ. ಕಿಟಕಿಯ ಹತ್ತಿರದ ಬೆತ್ತದ ಕುರ್ಚಿ. ಕುರ್ಚಿಯ ಮೇಲೆ, ಕುಳಿತವನ ತಲೆಯೆತ್ತರಕ್ಕೆ, ಹಳದಿ ಚೌಕ.

ಸೊಸೆ ಮುಚ್ಚುವಷ್ಟರಲ್ಲಿ ಅತ್ತೆ ಅದರ ಕೆಳಗಿದ್ದ ಮಗನ ಅಡ್ಡಹೆಸರನ್ನು ಓದಿ ಆಗಿತ್ತು. ಅವರು ಆ ಕುರ್ಚಿಯ ಕಡೆ ತಿರುಗಿ ನೋಡಿದರು. ಆಮೇಲೆ ಗೆದ್ದವರ ಹಾಗೆ ಹೇಳಿದರು: “ನಾನು ಹೇಳ್ತಿರ್ಲಿಲ್ವಾ? ಬೈದ್ರೆ ಕೇಳಿಸ್ಕೊಳ್ತಾನೆ ಅಂತ?”

“ಅತ್ತೆ, ಅದು ನಾನು ಮಾಡಿದ ತಪ್ಪು. ಖಾಲಿ ಚಿತ್ರಗಳಿಗೆಲ್ಲ ಅವರ ಹೆಸರು ಬರೆದಿದ್ದೆ. ಯಂತ್ರಕ್ಕೆ ಖಾಲಿ ಜಾಗ ಕಂಡ್ರೆ ಅವರು ಅಂತ—”

“ಹೊಸ ಮನೇನೂ ಖಾಲೀನೇ ಅಲ್ವೇನೇ? ಅಲ್ಲಿ ಯಾಕೆ ಇಲ್ಲ ಅಂತು?”

ಮತ್ತದೇ ಪ್ರಶ್ನೆ.

“ಅವನಿಲ್ಲಿ ಕೂತಿರೋವಾಗ ನಾನು ಹ್ಯಾಗೆ ಬರ್ಲಿ? ನೀನು ಹೋಗು. ನಾನು ಬರಲ್ಲ.”

ಅಂದಿನಿಂದ ಆ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ, ಅದರ ಮೇಲೆ ಮಡಿಸಿದ ಬಟ್ಟೆ ಇಡುವಂತಿಲ್ಲ. ಸೊಸೆ ಬೇಡಿದಳು, ರೇಗಿದಳು, ಗೋಡೆಯ ಬಿರುಕಿನಲ್ಲಿ ಬೆರಳು ತೂರಿಸಿ ತೋರಿಸಿದಳು. ಕೆಳಗೆ ಸುತ್ತಿಗೆ ಬಿದ್ದಾಗಲೆಲ್ಲ ಮೇಲೆ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಸೋಮವಾರ ನೀರು, ವಿದ್ಯುತ್ತು ಕತ್ತರಿಸಿ ಮೆಟ್ಟಿಲನ್ನೇ ಒಡೆಯುತ್ತೇವೆಂದು ಕೆಡವುವವರ ಮೇಸ್ತ್ರಿ ಬಂದು ಹೇಳಿಹೋದ. ಅತ್ತೆ ಅವನಿಗೂ ಹೇಳಿದರು: “ಒಡ್ಕೋಪ್ಪ. ಇಳಿಯೋರಿಗೆ ತಾನೆ ಮೆಟ್ಲು?” ಮೇಸ್ತ್ರಿ ಸೊಸೆಯನ್ನು ಹೊರಗೆ ಕರೆದು, “ಅಮ್ಮಾವ್ರೇ, ಇದು ಆಟ ಅಲ್ಲ. ಈ ಗೋಡೆ ಯಾವಾಗ ಕೂರುತ್ತೋ ನಾನೇ ಹೇಳಕ್ಕಾಗಲ್ಲ,” ಎಂದ. ಎತ್ತಿಕೊಂಡು ಹೋಗೋಣವೆಂದರೆ, ಮುಟ್ಟಲು ಬಂದವರನ್ನು ಅತ್ತೆ ಊರುಗೋಲಿನಿಂದ ಹೊಡೆಯುತ್ತಿದ್ದರು.

ಕಡೆಗೆ ಅವಳು ಮನಸ್ಸು ಗಟ್ಟಿಮಾಡಿಕೊಂಡಳು. ಕಚೇರಿಯ ಅಪ್ಪಣೆಯೂ ಅದೇ, ಅತ್ತೆಯ ಜೀವ ಉಳಿಯುವ ದಾರಿಯೂ ಅದೇ. ಆ ಹೆಸರು ಕರಗಿದರೆ ನಡುಮನೆಯ ಚಿತ್ರದಲ್ಲೂ ‘ಯಾರೂ ಇಲ್ಲ’ ಎಂದೇ ಬರುತ್ತದೆ. ಆಗ ತೋರಿಸಿ, ನೋಡಿ, ಹೊರಟಿದ್ದಾರೆ, ಏಳಿ ಎನ್ನಬಹುದು. ಒಂದು ಗುಂಡಿಯೊತ್ತಿದರೆ ಆಯಿತು. ಅವನನ್ನು ಮತ್ತೊಮ್ಮೆ ಕಳುಹಿಸಿಕೊಡುವುದೂ ತನ್ನ ಕೈಯಿಂದಲೇ ಆಗಬೇಕು, ಅಷ್ಟೇ.

ಶನಿವಾರ ಬೆಳಗ್ಗೆ ನಕಲು ತೆಗೆದಾದ ಮೇಲೆ, ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಕಚೇರಿಗೆ ಸುದ್ದಿ ಕಳುಹಿಸಿದಳು: ‘ಹೆಸರು ಕೂಡಿಸುತ್ತಿದ್ದೇನೆ, ಎಲ್ಲರೂ ಕಿಂಡಿ ಮುಚ್ಚಿ.’ ಕಿಂಡಿಗಳೆಲ್ಲ ಮುಚ್ಚಿದವು. ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟಳು. ಅತ್ತೆ ಮಂಚದಿಂದ ಕತ್ತು ಚಾಚಿ ನೋಡುತ್ತಿದ್ದರು.

“ಏನೇ ಮಾಡ್ತಿದೀಯ?”

“ಎರಡು ಹೆಸ್ರನ್ನ ಒಂದು ಮಾಡ್ತಿದೀನಿ.”

ಕಣಜ ಕೇಳಿತು: ‘ಯಾವ ಹೆಸರು ಉಳಿಯಬೇಕು?’

ಅತ್ತೆಯೂ ಅದೇ ಹೊತ್ತಿಗೆ ಕೇಳಿದರು: “ಉಳಿಯೋದು ಯಾವ್ದು?”

ಕೆಳಗೆ ಸುತ್ತಿಗೆಯೊಂದು ಧಡ್ ಎಂದಿತು. ಅವಳ ಬೆರಳು ಒತ್ತಿತು. ಅತ್ತೆ ಕೇಳಿದ್ದಕ್ಕೆ ಬಾಯಿ ಉತ್ತರ ಕೊಡುವ ಮೊದಲೇ ಕೈ ಕೊಟ್ಟುಬಿಟ್ಟಿತು. ತೆರೆಯ ಮೇಲೆ ಒಂದೇ ಹೆಸರು ಉಳಿದಿತ್ತು.

ಒಕ್ಕಣ್ಣ.

ಯಾರೂ ಇಲ್ಲ ಎಂಬುದು ಕಣಜದಿಂದಲೇ ಮಾಯವಾಗಿತ್ತು. ಅಷ್ಟೂ ವರ್ಷಗಳ ಸರ್ವಿಸ್ಸಿನಲ್ಲಿ ಅವಳು ಅಂಥ ಕೈತಪ್ಪು ಮಾಡಿದವಳಲ್ಲ.

ಕಿಂಡಿಗಳು ತೆರೆದುಕೊಂಡವೋ ಇಲ್ಲವೋ, ಫೋನು ಬಡಿದುಕೊಳ್ಳತೊಡಗಿತು. ಕತ್ತರಿ.

“ಅಕ್ಕಾ, ಏನ್ ಮಾಡಿದ್ರಿ? ಸಮುದ್ರ ತೆಗೆದೆ, ಒಕ್ಕಣ್ಣ. ಹೆದ್ದಾರಿ ತೆಗೆದೆ, ಒಕ್ಕಣ್ಣ. ಖಾಲಿ ಮೈದಾನದ ತುಂಬ ಹಳದಿ ಚೌಕ, ಅಕ್ಕಾ, ಅಷ್ಟೂ ಸೀಟಲ್ಲಿ ಒಬ್ರೇ! ಹಾಳಾಗೋಗ್ಲಿ ಅಂತ ಚಂದ್ರನ ಚಿತ್ರ ತೆಗೆದೆ. ಅಲ್ಲೂ ಇದಾರೆ!” ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. “ನಾನು ಇಲ್ಲಿ ಒಬ್ಳೇ ಕೂತ್ಕೊಳ್ಳಲ್ಲ, ಹೇಳಿದೀನಿ.”

ಅವಳ ಹಿಂದೆಯೇ ಅವಸರಪ್ಪ. ಅವರು ಅಂದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

“ಬೆಳಗಿನ ನಕಲಿದೆ ಸರ್. ಅದನ್ನ ವಾಪಸ್ ಹಾಕಿದ್ರೆ ಎಲ್ಲ ಮೊದಲಿನ ಹಾಗಾಗತ್ತೆ,” ಎಂದಳು.

“ಹಾಕು ಮತ್ತೆ! ಈಗ್ಲೇ ಹಾಕು!”

ಈಗಲೇ ಎಂದು ಅವಳೂ ಕೈ ಚಾಚಿದಳು. ಅಷ್ಟರಲ್ಲಿ ಅತ್ತೆ, ತಮ್ಮ ಮಂಡಿಯ ಮೇಲೆ ತಾವೇ, ಗೋಡೆ ಹಿಡಿದುಕೊಂಡು ಬಂದು ಅವಳ ಹೆಗಲ ಹಿಂದೆ ನಿಂತಿದ್ದರು.

“ಹೊಸ ಮನೆ ಇನ್ನೊಂದ್ಸಲ ತೋರ್ಸು.”

“ಅತ್ತೆ, ಈಗ ಬೇಡ, ಈಗ ಎಲ್ಲ ಗೊಂದಲ ಆಗಿದೆ—”

“ತೋರ್ಸೇ ಅಂದ್ರೆ.”

ತೋರಿಸಿದಳು. ಹೊಸ ಮನೆಯ ಅಡುಗೆಮನೆ. ಕಿಟಕಿಯ ಪಕ್ಕ, ಒಲೆಗೆ ಬೆನ್ನು ಕೊಟ್ಟು ನಿಂತವನ ಎತ್ತರಕ್ಕೆ, ಹಳದಿ ಚೌಕ. ಚೌಕ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಹಿತ್ತಿಲ ಬಾಗಿಲ ಚಿಲಕದ ಹತ್ತಿರಕ್ಕೆ ಬಗ್ಗಿತು. ಚಿಲಕ ಸರಿಯಿದೆಯೋ ಇಲ್ಲವೋ ನೋಡುವ ಹಾಗೆ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅವರ ಮುಖ ಅರಳಿತ್ತು. “ಕಳ್ಳ! ನಮಗಿಂತ ಮುಂಚೆ ಹೋಗಿ ಸೇರ್ಕೊಂಡಿದಾನೆ. ಇಲ್ಲಿ ನನ್ನ ಕಾಯೋಕೆ ಬಿಟ್ಟು! ಏಳೇ, ನೋಡ್ತಾ ಕೂತಿದೀಯಲ್ಲ. ಆ ಮೇಸ್ತ್ರೀನ ಕರಿ. ನನ್ನ ಚಪ್ಪಲಿ ಎಲ್ಲಿ?”

ಸೊಸೆ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು, ಒಂದು ಗಳಿಗೆ ತೆರೆಯನ್ನು. ನಕಲು ವಾಪಸು ಹಾಕಿದರೆ ಹೊಸ ಮನೆ ಮತ್ತೆ ಖಾಲಿ. ಫೋನಿನಲ್ಲಿ ಅವಸರಪ್ಪ ಇನ್ನೂ ಹಲೋ ಹಲೋ ಎನ್ನುತ್ತಿದ್ದರು.

“ಸರ್,” ಎಂದಳು. “ಮಧ್ಯಾಹ್ನದವರೆಗೆ ಕಾಯ್ಬೇಕು.”

“ಯಾಕೆ? ಏನ್ ತೊಂದ್ರೆ?”

“ಬೀಗ ಬಿದ್ದಿದೆ ಸರ್,” ಎಂದು ಫೋನು ಇಟ್ಟಳು. ಕೆಲಸದಲ್ಲಿ ಅವಳು ಹೇಳಿದ ಒಂದೇ ಸುಳ್ಳು ಅದು.

ಮೇಸ್ತ್ರಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಅತ್ತೆಯನ್ನು ಇಳಿಸಲು ಗಟ್ಟಿಯಾದ ಕುರ್ಚಿಯೊಂದು ಬೇಕೆಂದಾಗ, ಸೊಸೆ ಬೆತ್ತದ ಕುರ್ಚಿಯ ಕಡೆ ನೋಡಲೂ ಅಂಜಿದಳು. ಅತ್ತೆಯೇ ಹೋಗಿ ಅದರಲ್ಲಿ ಕುಳಿತುಬಿಟ್ಟರು. “ಅವನು ಬಿಟ್ಟುಹೋದ್ಮೇಲೆ ಇನ್ಯಾರು ಕೂತ್ಕೋಬೇಕು? ಎತ್ರಪ್ಪ. ಮೆತ್ತಗೆ. ಮದುವೇಲೂ ನನ್ನ ಯಾರೂ ಹೀಗೆ ಹೊತ್ತಿರ್ಲಿಲ್ಲ.” ಆಳುಗಳು ನಕ್ಕರು. ಬಾಗಿಲಿಲ್ಲದ ಮನೆಗಳ ಮುಂದೆ ಹಾಯುವಾಗ ಅತ್ತೆ ಒಂದೊಂದರೊಳಗೂ ಇಣುಕುತ್ತ, ಟೈಲರಮ್ಮನ ಮನೆ ಎಷ್ಟು ಚಿಕ್ಕದಿತ್ತಲ್ಲವೇ ಎಂದು ಆಡಿಕೊಳ್ಳುತ್ತ ಇಳಿದರು. ಅವರ ದನಿ ಮೆಟ್ಟಿಲ ತಿರುವುಗಳಲ್ಲಿ ಕೆಳಕೆಳಕ್ಕೆ ಹೋಯಿತು.

ಸಾಮಾನೆಲ್ಲ ಹೋದ ಮೇಲೆ ಸೊಸೆ ಒಬ್ಬಳೇ ಉಳಿದಳು. ಲ್ಯಾಪ್‌ಟಾಪು ನೆಲದ ಮೇಲಿತ್ತು. ನಕಲನ್ನು ವಾಪಸು ಹಾಕಬೇಕು. ಹಾಕಿದ ಮೇಲೆ, ನಾಳೆಯೋ ನಾಡಿದ್ದೋ, ಹೆಸರುಗಳನ್ನು ಮತ್ತೆ ಅಕ್ಕಪಕ್ಕ ಇಟ್ಟು, ಈ ಸಲ ಸರಿಯಾದದ್ದನ್ನು ಉಳಿಸಬೇಕು. ಅತ್ತೆಗೆ ಗೊತ್ತಾಗುವುದಿಲ್ಲ. ಅವರು ಹೊಸ ಅಡುಗೆಮನೆಯಲ್ಲಿ ಮಗನಿಗೆ ಬೈದುಕೊಂಡು ಹಾಯಾಗಿರುತ್ತಾರೆ. ಗೊತ್ತಿರುವುದು ತನಗೊಬ್ಬಳಿಗೆ.

ಒತ್ತುವ ಮೊದಲು ನಡುಮನೆಯ ಚಿತ್ರವನ್ನು ಒಂದು ಸಲ ತೆರೆದಳು. ಕಳೆದ ವಾರ ತೆಗೆದ ಚಿತ್ರವೇ, ಬದಲಾಗಿರಲು ಸಾಧ್ಯವಿಲ್ಲ. ಬೆತ್ತದ ಕುರ್ಚಿ ಇದ್ದಲ್ಲೇ ಇತ್ತು. ಅದರ ಮೇಲೆ ಚೌಕವಿರಲಿಲ್ಲ. ಹುಡುಕಿದಳು. ಚಿತ್ರದ ಅಂಚಿನಲ್ಲಿ, ಹೊರಬಾಗಿಲಿನ ಎಡಪಕ್ಕ ಇತ್ತು, ನಿಂತವನ ತಲೆಯೆತ್ತರಕ್ಕೆ. ಈ ಸಲ ಒಂದಿಷ್ಟೂ ಅಲುಗುತ್ತಿರಲಿಲ್ಲ. ಹೆಸರುಗಳು ಕೂಡಿದ ಮೇಲೆ ಯಂತ್ರ ಹೊಸದಾಗಿ ಕಲಿತಿರಬೇಕು, ಅದಕ್ಕೇ ಜಾಗ ಬದಲಾಗಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಜೋರಾಗಿಯೇ ಹೇಳಿಕೊಂಡಳು. ಖಾಲಿ ಕೋಣೆ ಆ ಮಾತನ್ನು ಸ್ವಲ್ಪ ತಡವಾಗಿ ಹಿಂದಿರುಗಿಸಿತು.

ನಕಲಿನ ಗುಂಡಿಯನ್ನು ಒತ್ತಿದಳು. ಅದು ಮುಗಿಯುವುದನ್ನು ನೋಡಲಾರದೆ ಲ್ಯಾಪ್‌ಟಾಪು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು. ಕೆಲಸ ಆಗುವುದು ಕಣಜದಲ್ಲಿ, ಕಿಂಡಿ ಮುಚ್ಚಿದರೆ ನಿಲ್ಲುವುದಿಲ್ಲ.

“ಏನೇ ಅದು?” ಕೆಳಗಿನಿಂದ ಅತ್ತೆಯ ಕೂಗು. “ಅವನಲ್ಲಿ ಹಸ್ಕೊಂಡು ಕೂತಿರ್ತಾನೆ! ಬರ್ತೀಯೋ ಇಲ್ವೋ?”

“ಬಂದೆ ಅತ್ತೆ.”

ಬಾಗಿಲು ಅಗಲವಾಗಿ ತೆರೆದಿತ್ತು. ಎರಡು ಜನ ಒಟ್ಟಿಗೆ ಹಾಯುವಷ್ಟು ಅಗಲ. ಅವಳು ಚೀಲವನ್ನು ಎದೆಗವುಚಿಕೊಂಡು, ಎಡಗಡೆ ನೋಡದೆ, ಮೈಯನ್ನು ಅಡ್ಡಕ್ಕೆ ತಿರುಗಿಸಿ, ಬಾಗಿಲಲ್ಲಿ ನಿಂತವರಿಗೆ ತಾಕದ ಹಾಗೆ ದಾಟಿಕೊಂಡು, ಮೆಟ್ಟಿಲಿಳಿದಳು.